ಹತ್ತಿಯ ಬೆಲೆ ಎಳೆದ ಗಡಿ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಹತ್ತಿಯಿಲ್ಲದೆ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ತತ್ತರಿಸಿದವು. ವರ್ತಕರ ಕಣ್ಣು ಧಾರವಾಡದ ಎರೆಭೂಮಿಯತ್ತ ಹೊರಳಿತು. ಅಲ್ಲಿನ ರೈತರು 1840ರ ದಶಕದಿಂದಲೇ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿದ್ದರು. ಬೆಳೆಯೇನೋ ಇತ್ತು, ಸಾಗಿಸುವುದು ಹೇಗೆ? ಘಟ್ಟ ಇಳಿದರೆ ಕಾರವಾರದ ಬಂದರು. ಆದರೆ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಕಾರವಾರ ಮದರಾಸಿಗೆ! ಹತ್ತಿ ವರ್ತಕರ ಒತ್ತಾಯಕ್ಕೆ ಮಣಿದ ಸರ್ಕಾರ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ವರ್ಗಾಯಿಸಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು.

1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿದು ಮುಂಬಯಿಯ ಷೇರು ಪೇಟೆಯಲ್ಲಿ ಹಲವರು ದಿವಾಳಿಯಾದರು. ಗಡಿ ಮಾತ್ರ ಅಳಿಯಲಿಲ್ಲ. ಈ ಎರಡು ಜಿಲ್ಲೆಗಳು, ಅದೂ ಕಾಸರಗೋಡನ್ನು ಬಿಟ್ಟು, ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ.