ಬೌನ್ಸ್ ಸಂಗೀತ

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಹಿಪ್ ಹಾಪ್ ಪ್ರಕಾರ. ಕುಣಿತಕ್ಕೆಂದೇ ಹುಟ್ಟಿದ್ದು, ಕಪ್ಪು ಜನರ ಬಡಾವಣೆಗಳ ಕ್ಲಬ್ಬು, ಬಾರು, ಓಣಿಯ ಕೂಟಗಳೇ ಇದರ ತವರು.

ಇದರ ತಾಳ ಮಾತ್ರ ಹೊರಗಿನದು. ನ್ಯೂಯಾರ್ಕಿನ ‘ದಿ ಶೋಬಾಯ್ಸ್’ ಜೋಡಿ 1986ರಲ್ಲಿ ಹೊರತಂದ ‘ಡ್ರ್ಯಾಗ್ ರ‍್ಯಾಪ್’ ಹಾಡನ್ನು ದಕ್ಷಿಣದ ಡಿಜೆಗಳು ಎತ್ತಿಕೊಂಡರು. ಅದರ ತುಣುಕುಗಳನ್ನೇ ಮತ್ತೆ ಮತ್ತೆ ತಿರುಗಿಸಿ, ಎಡೆಬಿಡದ ಬಡಿತವಾಗಿಸಿದರು. ‘ಟ್ರಿಗರ್‌ಮ್ಯಾನ್’ ಎಂದೇ ಹೆಸರಾದ ಈ ಬಡಿತದ ಮೇಲೆ 1991ರಲ್ಲಿ ಎಂ.ಸಿ. ಟಿ. ಟಕರ್ ಮತ್ತು ಡಿಜೆ ಅರ್ವ್ ‘ವೇರ್ ಡೇ ಆ್ಯಟ್’ ಹಾಡಿದರು. ಮರುವರ್ಷ ಡಿಜೆ ಜಿಮಿ ಅದನ್ನು ತನ್ನ ರೀತಿಯಲ್ಲಿ ಧ್ವನಿಮುದ್ರಿಸಿದ.

ಬೌನ್ಸ್ ಕೂಟದಲ್ಲಿ ಹಾಡುಗಾರ ಕೂಗುತ್ತಾನೆ, ನೆರೆದವರು ದನಿಗೂಡಿಸುತ್ತಾರೆ. ಮ್ಯಾಗ್ನೋಲಿಯಾ, ಕ್ಯಾಲಿಯೋಪ್, ಮೆಲ್ಪೊಮೀನ್ ಮುಂತಾದ ಸರ್ಕಾರಿ ವಸತಿ ಸಮುಚ್ಚಯಗಳ ಹೆಸರು ಕೇಳಿದೊಡನೆ ಅಲ್ಲಿನವರು ಮುಂದೆ ನುಗ್ಗಿ ಕುಣಿಯುತ್ತಿದ್ದರು. ಮಾರ್ಡಿ ಗ್ರಾ ಹಬ್ಬದ ಘೋಷಗೀತೆಗಳ, ‘ಸೆಕೆಂಡ್ ಲೈನ್’ ಮೆರವಣಿಗೆಗಳ ವರಸೆ ಇಲ್ಲಿ ಸ್ಪಷ್ಟ. ಪದಗಳು ಸರಳವೆಂದು ಬೌನ್ಸನ್ನು ಹಗುರವಾಗಿ ಕಾಣುವುದು ತಪ್ಪು. ಯಾರೂ ಲೆಕ್ಕಕ್ಕಿಡದ ಓಣಿಗಳ ಹೆಸರನ್ನು ಅಭಿಮಾನದಿಂದ ಕೂಗಿ ಹೇಳುವುದೇ ಇದರ ಕಾವ್ಯ.

ಕ್ಯಾಶ್ ಮನಿ ಧ್ವನಿಮುದ್ರಣ ಸಂಸ್ಥೆಯ ಮ್ಯಾನಿ ಫ್ರೆಶ್ ಸಂಗೀತ ಹೊಂದಿಸಿದ, ರ‍್ಯಾಪರ್ ಜುವೆನೈಲ್‌ನ ‘400 ಡಿಗ್ರೀಜ್’ (1998) ಆಲ್ಬಮ್ ಈ ಲಯವನ್ನು ದೇಶಕ್ಕೆಲ್ಲ ಮುಟ್ಟಿಸಿತು. ಅದೇ ಹೊತ್ತಿಗೆ ಲಿಂಗಪರಿವರ್ತಿತ ಕಲಾವಿದೆ ಕೇಟಿ ರೆಡ್, ಬಳಿಕ ಬಿಗ್ ಫ್ರೀಡಿಯಾ ವೇದಿಕೆಯೇರಿದರು. ಹಿಪ್ ಹಾಪ್‌ನ ಗಂಡುಗತ್ತಿನ ಲೋಕದಲ್ಲಿ ಇದು ದೊಡ್ಡ ಧೈರ್ಯ. 2005ರ ಕತ್ರೀನಾ ಚಂಡಮಾರುತಕ್ಕೆ ಮನೆ ಕಳೆದುಕೊಂಡವರು ಹ್ಯೂಸ್ಟನ್, ಅಟ್ಲಾಂಟಾಗಳಿಗೆ ಬೌನ್ಸನ್ನೂ ಒಯ್ದರು. ಬಿಯಾನ್ಸೆಯ ‘ಫಾರ್ಮೇಶನ್’ (2016), ಡ್ರೇಕ್‌ನ ‘ನೈಸ್ ಫಾರ್ ವಾಟ್’ (2018) ಹಾಡುಗಳಲ್ಲಿ ಫ್ರೀಡಿಯಾ ದನಿಯಿದೆ.