ಖಂಡುಗದಿಂದ ಪಿಕ್ಸೆಲ್‌ವರೆಗೆ

ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಕಥೆ ಅನೇಕರಿಗೆ ಗೊತ್ತು. ಗಂಗರ ಬೂತುಗನ ಬಳಿಯಿದ್ದ ವೀರ ಮಣಲೇರನ ನಾಯಿ ಕಾಳಿ, ಹಂದಿಯೊಡನೆ ಕಾದಾಡಿ ಸತ್ತಿತು. ಅದರ ನೆನಪಿಗೆ ಕ್ರಿ.ಶ. 949-50ರಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ನೆಲ ಬಿಟ್ಟರು.

ಎರಡು ಖಂಡುಗವೆಂದರೆ ಎಷ್ಟು ಎಕರೆ? ಇದಕ್ಕೆ ನೇರ ಉತ್ತರವಿಲ್ಲ. ಖಂಡುಗ ಮೂಲದಲ್ಲಿ ಧಾನ್ಯದ ಅಳತೆ; 20 ಕೊಳಗಕ್ಕೆ ಒಂದು ಖಂಡುಗ. ಅಷ್ಟು ಬೀಜ ಹಿಡಿಯುವ ಭೂಮಿಗೂ ಅದೇ ಹೆಸರು. ಒಂದು ಖಂಡುಗ ರಾಗಿ ಬಿತ್ತುವ ಹೊಲ, ಒಂದು ಖಂಡುಗ ಭತ್ತ ಹಿಡಿಯುವ ಗದ್ದೆಗಿಂತ ಬಹಳ ದೊಡ್ಡದು. ಲೆಕ್ಕದಲ್ಲಿ ಎರಡೂ ಒಂದೇ, ನೆಲದ ಮೇಲೆ ಬೇರೆ ಬೇರೆ.

ಇದೇ ತೊಡಕು ಇಂದು ಸಂಶೋಧಕರ ಮೇಜಿನ ಮೇಲೂ ಇದೆ. ಮಂಡ್ಯ, ಮಳವಳ್ಳಿ ಸೀಮೆಯ ಭೂಚರಿತ್ರೆ ಓದುವವರು ಒಂದು ಮಾನಿಟರ್‌ನಲ್ಲಿ ಗ್ರಾಮ ನಕಾಶೆಯನ್ನೂ ಇನ್ನೊಂದರಲ್ಲಿ ಪಹಣಿಯನ್ನೂ ತೆರೆದಿಟ್ಟುಕೊಳ್ಳುತ್ತಾರೆ. ಒಂದು ಹೊಸದು, ಇನ್ನೊಂದು ಹಳೆಯದು. ಮೌಸ್ ಎಳೆದರೆ ಬಾಣ ಅಂಚಿಗೆ ಬಡಿದು ನಿಲ್ಲುತ್ತದೆ, ಇಲ್ಲವೇ ಪಕ್ಕದ ಪರದೆಯಲ್ಲಿ ಇನ್ನೆಲ್ಲೋ ಏಳುತ್ತದೆ.

ಡಗ್ಲಾಸ್ ಎಂಗಲ್‌ಬಾರ್ಟ್ ಮೌಸನ್ನು ಜನರೆದುರು ಆಡಿಸಿ ತೋರಿಸಿದ್ದು 1968ರ ಡಿಸೆಂಬರ್ 9ರಂದು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಹಲವು ಪರದೆಗಳನ್ನು ಒಂದೇ ಬಯಲಿನಂತೆ ಬಳಸುವ ಅನುಕೂಲ 1987ರ ಮ್ಯಾಕಿಂತೋಷ್ 2ರಲ್ಲಿ ಬಂತು. ವಿಂಡೋಸ್ 98 ಅದನ್ನು ಮನೆಮನೆಯ ಕಂಪ್ಯೂಟರಿಗೆ ತಂದಿತು. ಆದರೆ ಆ ಬಯಲನ್ನು ಅಳೆದದ್ದು ಅಂಗುಲದಲ್ಲಲ್ಲ, ಪಿಕ್ಸೆಲ್ ಎಂಬ ಚುಕ್ಕಿಗಳ ಎಣಿಕೆಯಲ್ಲಿ. ಚುಕ್ಕಿಯ ಗಾತ್ರವೋ ಪರದೆಯಿಂದ ಪರದೆಗೆ ಬೇರೆ.

24 ಅಂಗುಲದ ಸಾಮಾನ್ಯ ಮಾನಿಟರ್‌ನಲ್ಲಿ ಮೇಲಿನಿಂದ ಕೆಳಕ್ಕೆ 1080 ಸಾಲು ಚುಕ್ಕಿಗಳಿರುತ್ತವೆ. ಎತ್ತರ ಸುಮಾರು 299 ಮಿ.ಮೀ. 27 ಅಂಗುಲದ 4ಕೆ ಮಾನಿಟರ್‌ನಲ್ಲಿ 2160 ಸಾಲು. ಎತ್ತರ ಸುಮಾರು 336 ಮಿ.ಮೀ. ಎರಡರ ತಲೆಯನ್ನೂ ಸಮಕ್ಕೆ ಇಡೋಣ. ಚಿಕ್ಕದರ ತೀರಾ ಕೆಳಗಿನ ಸಾಲಿನಿಂದ ಹೊರಟ ಬಾಣ ದೊಡ್ಡದರ 1080ನೇ ಸಾಲಿಗೆ, ಅಂದರೆ ಅದರ ನಟ್ಟನಡುವಿಗೆ ಬರುತ್ತದೆ. ಕಣ್ಣಿಗೆ ಅದು 13 ಸೆಂ.ಮೀ. ಮೇಲಕ್ಕೆ ನೆಗೆದಂತೆ. ದೊಡ್ಡದರ ಕೆಳ ಅರ್ಧದಿಂದ ಈಚೆಗೆ ಬರಲು ಹೋದರೆ ಎದುರಿಗೆ ಗೋಡೆ, ಏಕೆಂದರೆ ಅಷ್ಟು ಸಾಲುಗಳು ಈಚೆ ಇಲ್ಲವೇ ಇಲ್ಲ.

ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಈ ಗೋಡೆಯನ್ನು ಸಡಿಲಿಸುವ ಆಯ್ಕೆ ಇದೆ. ಲಿಟಲ್ ಬಿಗ್ ಮೌಸ್ ಎಂಬ ಉಚಿತ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಚುಕ್ಕಿಯ ಎಣಿಕೆಯನ್ನು ಮೊದಲು ಮಿಲಿಮೀಟರಿಗೆ ತಂದು, ಅಲ್ಲಿಂದ ಆಚೆ ಪರದೆಯ ಚುಕ್ಕಿಗೆ ಒಯ್ಯುತ್ತದೆ. ಚಿಕ್ಕದರ 540ನೇ ಸಾಲು ಮೇಲಂಚಿನಿಂದ 149.5 ಮಿ.ಮೀ. ಕೆಳಗಿದೆ, ದೊಡ್ಡದರಲ್ಲಿ ಅದು ಸುಮಾರು 961ನೇ ಸಾಲು. ಬಾಣ ಕೈ ಎಳೆದ ಗೆರೆಯಲ್ಲೇ ನೇರ ಸಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಶುರುವಾದ ಕಂದಾಯ ಮೋಜಣಿ ಮಾಡಿದ್ದೂ ಇಂಥದೇ ಕೆಲಸ. ಬೀಜದ ಲೆಕ್ಕ ಬಿಟ್ಟು ಅದು ನೆಲಕ್ಕೆ ಸರಪಳಿ ಹಾಸಿತು. ಸರಪಳಿಯ ಉದ್ದ 33 ಅಡಿ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಹೊಲಕ್ಕೂ ಗದ್ದೆಗೂ ಒಂದೇ ಗುಂಟೆ. ಆದರೆ ಇದರಲ್ಲಿ ಒಂದು ನಷ್ಟವೂ ಇತ್ತು. ಖಂಡುಗ ಎಂದೊಡನೆ ಭೂಮಿಯ ಗುಣ, ಬೆಳೆ, ನೀರು ಕಣ್ಮುಂದೆ ಬರುತ್ತಿದ್ದವು. ಗುಂಟೆಯಲ್ಲಿ ವಿಸ್ತೀರ್ಣ ಮಾತ್ರ ಉಳಿಯಿತು. ಉಳಿದದ್ದನ್ನು ಬೇರೆ ಕಲಮುಗಳಲ್ಲಿ ಬರೆಯಬೇಕಾಯಿತು.

ಈ ಶತಮಾನದ ಆರಂಭಕ್ಕೆ ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ ರೈತನತ್ತ ಮುಖ ಮಾಡಿದ ಎರಡನೇ ಪರದೆಗೂ ಜಾಗವಿತ್ತು. ಶಾನುಭೋಗರ ಕಡತದೊಳಗೆ ಇಣುಕಲಾಗದ ಜನಕ್ಕೆ ಇದು ಸಣ್ಣ ಮಾತಲ್ಲ. ಆದರೂ ಮೌಸ್ ಇದ್ದದ್ದು ಕೌಂಟರಿನ ಆಚೆ ಕೂತವರ ಕೈಯಲ್ಲಿ. ರೈತನಿಗೆ ಕಂಡದ್ದು ಎಕರೆ-ಗುಂಟೆಯ ಅಂಕಿ. ಆ ಅಂಕಿ ಸರಿಯೋ ಎಂದು ತಿಳಿಯಲು ಹೊಲದ ಬದುವಿಗೇ ಹೋಗಬೇಕಿತ್ತು.

ಹಳೆಯ ದಾನಶಾಸನವನ್ನೂ ಇಂದಿನ ಪಹಣಿಯನ್ನೂ ಅಕ್ಕಪಕ್ಕ ಇಟ್ಟು ಓದುವ ವಿದ್ಯಾರ್ಥಿಯ ಕೆಲಸವೂ ಇದೇ. ಖಂಡುಗವನ್ನು ಒಂದೇ ಗುಣಕದಿಂದ ಎಕರೆಗೆ ತಿರುಗಿಸಿದರೆ ಬಾಣ ಬೇರೆ ಸಾಲಿಗೆ ನೆಗೆಯುತ್ತದೆ. ಯಾವ ಕೆರೆಯ ಕೆಳಗಿನ ನೆಲ, ಯಾವ ಬೀಜ ಎಂದು ಮೊದಲು ಕೇಳಬೇಕು.