ಮೇಸ್ತ್ರಿ: ಪದದ ಮೂಲ, ಪದದ ಮರ್ಯಾದೆ

ಮನೆ ಕಟ್ಟಿಸುವವರ ಬಾಯಲ್ಲಿ ದಿನವೂ ಹತ್ತಾರು ಸಲ ಬರುವ ಪದ ‘ಮೇಸ್ತ್ರಿ’. ತಳಪಾಯದ ಆಳ, ಗೋಡೆಯ ನೇರ, ಗಾರೆಯ ಹದ ಇವೆಲ್ಲವನ್ನೂ ಅರಿತು ಕೆಲಸಗಾರರನ್ನು ನಡೆಸುವವನೇ ಮೇಸ್ತ್ರಿ. ಈ ಪದ ಅಚ್ಚಗನ್ನಡದ್ದೂ ಅಲ್ಲ, ಸಂಸ್ಕೃತಜನ್ಯವೂ ಅಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಅವರ ಅನೇಕ ಪದಗಳು ಈ ನಾಡಿನ ಭಾಷೆಗಳಲ್ಲಿ ಬೆರೆತವು. ಚಾವಿ, ಅಲಮಾರು, ಪಾದ್ರಿ ಎಂಬ ಪದಗಳಂತೆ ‘ಮೆಸ್ತ್ರೆ’ ಎಂಬುದೂ ಬಂದು ಮೇಸ್ತ್ರಿಯಾಯಿತು.

ಮೆಸ್ತ್ರೆ ಪದದ ಮೂಲ ಲ್ಯಾಟಿನ್ನಿನ ‘ಮಾಗಿಸ್ತೆರ್’. ಒಡೆಯ, ಗುರು ಎಂಬುದು ಅದರ ಅರ್ಥ. ಇದೇ ಮೂಲದ ಇಂಗ್ಲಿಷಿನ ‘ಮಾಸ್ಟರ್’ ಶಾಲೆಯ ದಾರಿಯಿಂದ ಬಂದು ‘ಮೇಷ್ಟ್ರು’ ಆಯಿತು. ಹೀಗೆ ಮೇಷ್ಟ್ರು, ಮೇಸ್ತ್ರಿ ಎರಡೂ ಒಂದೇ ತಾಯಿಯ ಮಕ್ಕಳು. ಒಬ್ಬರ ಕೈಗೆ ಸೀಮೆಸುಣ್ಣ ಬಂದಿತು, ಇನ್ನೊಬ್ಬರ ಕೈಗೆ ಕರಣೆ ಬಂದಿತು.

ಕನ್ನಡದ ಹಳೆಯ ಪದಗಳೂ ಇದನ್ನೇ ಹೇಳುತ್ತವೆ. ಶಾಸನಗಳಲ್ಲಿ ಶಿಲ್ಪಿಗಳ ಹೆಸರಿನ ಕೊನೆಗೆ ಬರುವ ‘ಓಜ’ ಸಂಸ್ಕೃತದ ‘ಉಪಾಧ್ಯಾಯ’ ಪದದ ತದ್ಭವ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ದುಡಿದರು. ‘ಆಚಾರಿ’ ಎಂಬುದು ‘ಆಚಾರ್ಯ’ ಪದದ ರೂಪ. 8ನೆಯ ಶತಮಾನದಲ್ಲಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದಿತ್ತು.

ಮೂರು ಪದಗಳು, ಮೂರು ದಾರಿಗಳು. ಅರ್ಥ ಮಾತ್ರ ಒಂದೇ. ಕಟ್ಟುವವನಿಗೆ ಹೆಸರು ಬಂದದ್ದು ಕಲ್ಲಿನಿಂದಲ್ಲ, ಮಣ್ಣಿನಿಂದಲ್ಲ, ಕಲಿಸುವ ಗುಣದಿಂದ. ಹದ ಅಳತೆಗಳ ಅರಿವು ಕೈಯಿಂದ ಕೈಗೆ ದಾಟಿ ಬರತಕ್ಕದ್ದು. ಅದನ್ನು ದಾಟಿಸುವವನು ಗುರುವೇ ಸರಿ.

ಆದರೆ ಆಡುನುಡಿಯನ್ನು ಗಮನಿಸಬೇಕು. ‘ಮೇಷ್ಟ್ರು ಬಂದರು’ ಎನ್ನುವ ನಾಲಿಗೆಯೇ ‘ಮೇಸ್ತ್ರಿ ಬಂದ’ ಎನ್ನುತ್ತದೆ. ಪದ ಉಳಿಯಿತು, ಮರ್ಯಾದೆ ಜಾರಿತು. ಹನ್ನೆರಡನೆಯ ಶತಮಾನದ ಶರಣರು ಈ ಭೇದವನ್ನು ಒಪ್ಪಲಿಲ್ಲ. ಮರ ಕೆತ್ತುವ ಬಾಚಿಯನ್ನೇ ಹೆಸರಿನಲ್ಲಿ ಧರಿಸಿದ ಬಡಗಿಯ ಮಡದಿ ವಚನಕಾರ್ತಿಯಾಗಿ ಪ್ರಸಿದ್ಧಳಾದದ್ದು ‘ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’ ಎಂದು. ‘ಬಸವಯ್ಯನ’ ಅಲ್ಲ, ‘ಬಸವಯ್ಯಗಳ’. ಬಾಚಿ ಹಿಡಿದ ಕೈಗೆ ಸಂದ ಆ ಗೌರವದ ಬಹುವಚನ ಕರಣೆ ಹಿಡಿದ ಕೈಗೂ ಸಲ್ಲತಕ್ಕದ್ದು.